ಬತ್ತೀನಿ ಅನ್ನದೆ ಹೋದ ಅಳಿಯ

ಆ ಕಾಲಕ್ಕೆ ಗುಂಡ್ಲುಪೇಟೆಯಲ್ಲಿ ಸ್ವಲ್ಪ ಹೆಸರಿದ್ದವರೆಲ್ಲ ಒಂದೊಂದು ಇಂಗ್ಲಿಷ್ ಮಾತನ್ನು ಇಟ್ಟುಕೊಂಡಿದ್ದರು. ಪೋಸ್ಟ್ ಮಾಸ್ಟರು 'ಥ್ಯಾಂಕ್ಯೂ' ಎನ್ನುತ್ತಿದ್ದರು. ಬಸ್ ಏಜೆಂಟರು ಬಸ್ಸು ಬಾರದ ದಿನ 'ಸಾರಿ' ಎನ್ನುತ್ತಿದ್ದರು. ಬಸ್ಸು ಬಾರದ ದಿನಗಳೇ ಹೆಚ್ಚಾಗಿದ್ದುದರಿಂದ ಅವರ ಇಂಗ್ಲಿಷು ಎಲ್ಲರಿಗಿಂತ ಸರಾಗವಾಗಿತ್ತು. ಊಟಿ ರಸ್ತೆಯ ಬದಿಗೆ ಗೋಲಿ ಸೋಡಾ ಅಂಗಡಿ ಇಟ್ಟಿದ್ದ ನೀಲಕಂಠಸ್ವಾಮಿಗೆ ಮಾತ್ರ ಹೀಗೆ ಸ್ವಂತದ್ದೆಂದು ಹೇಳಿಕೊಳ್ಳುವ ಮಾತು ಇರಲಿಲ್ಲ. 'ಸೋಡಾ' ಎಂಬುದೂ ಇಂಗ್ಲಿಷೇ ಅಲ್ಲವೇ ಎಂದು ಒಮ್ಮೆ ವಾದಿಸಿ ನೋಡಿದ. ಅದು ದನ ಕಾಯುವವರ ಬಾಯಲ್ಲೂ ಇದೆ ಎಂದು ಏಜೆಂಟರು ತಳ್ಳಿಹಾಕಿದರು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ, ಊಟಿಗೆ ಹೊರಟಿದ್ದ ಕಾರೊಂದು ಅವನ ಅಂಗಡಿಯ ಮುಂದೆ ಹೊಗೆಯಾಡುತ್ತ ನಿಂತಿತು. ಡ್ರೈವರು ಕಾರಿಗೆ ನೀರು ಕುಡಿಸಿದ. ನೀಲಕಂಠಸ್ವಾಮಿ ಕಾರಿನವರಿಗೆ ನಿಂಬೆ ಸೋಡಾ ಕುಡಿಸಿದ. ಒಳಗಿದ್ದವರು ಒಬ್ಬ ದೊರೆಸಾನಿ ಮತ್ತು ಅವಳ ಪುಟ್ಟ ಮಗಳು. ಕಾರು ಹೊರಟಾಗ ಆ ಮಗು ಕಿಟಕಿಯಿಂದ ಕೈ ಹೊರಗೆ ಹಾಕಿ, ಅಂಗೈಯನ್ನು ಅವನ ಕಡೆಗೆ ಆಡಿಸಿ, 'ಟಾ ಟಾ' ಎಂದಿತು. ಕಾರು ಮರೆಯಾದ ಮೇಲೂ ನೀಲಕಂಠಸ್ವಾಮಿ ಬಾಟಲಿ ಹಿಡಿದುಕೊಂಡು ನಿಂತೇ ಇದ್ದ. ಅವನ ಮಾತು ಅವನಿಗೆ ಸಿಕ್ಕಿತ್ತು.

ಅರ್ಥ ಕೇಳಲು ಮಿಡಲ್ ಸ್ಕೂಲಿನ ಮೇಷ್ಟರ ಬಳಿ ಹೋದ.

"ಅದು ಸಲಿಗೆ ಮಾತು ಕಣಯ್ಯ," ಎಂದರು ಮೇಷ್ಟರು. "ಹೊರಡುವಾಗ ಅನ್ನೋದು. ಕಚೇರೀಲಿ ಕೋರ್ಟಲ್ಲಿ ಅನ್ನಬಾರದು. ಮನೆಯೋರು, ಮಕ್ಕಳು, ಪ್ರೀತಿ ಇರೋ ಕಡೆ ಅನ್ನಬೌದು."

ಪ್ರೀತಿ ಇರುವ ಕಡೆ ಎಂದರೆ ನೀಲಕಂಠಸ್ವಾಮಿಗೆ ಆಗ ಇದ್ದದ್ದು ಒಂದೇ ಕಡೆ. ಅದು ಹರವೆ. ಅವನ ಹೆಂಡತಿ ಶಾಂತಮಲ್ಲಮ್ಮ ಚೊಚ್ಚಲ ಬಾಣಂತನಕ್ಕೆ ಹೋಗಿ ತವರಿನಲ್ಲಿದ್ದಳು. ಮಗುವಿಗೆ ಐದು ತಿಂಗಳು ತುಂಬುತ್ತಲೇ ತಾಯಿ ಮಗು ಇಬ್ಬರನ್ನೂ ಕರೆತರುವುದೆಂದು ಮಾತಾಗಿತ್ತು. ಅದಕ್ಕೆ ಮುಂಚೆ ಒಂದು ಸಲ ನೋಡಿಕೊಂಡು ಬರುತ್ತೇನೆಂದು, ಹೊಸ ಮಾತನ್ನು ಬಾಯಲ್ಲಿ ಇಟ್ಟುಕೊಂಡು, ಅವನು ಬಸ್ಸು ಹತ್ತಿದ.

ಶಾಂತಮಲ್ಲಮ್ಮ ಹೆಚ್ಚು ಮಾತಿನವಳಲ್ಲ. ಮೂರನೇ ಕ್ಲಾಸಿಗೇ ಸ್ಕೂಲು ಬಿಡಿಸಿದ್ದರು. ಆದರೆ ಅಡುಗೆ ಮನೆಯ ಬಾಗಿಲ ಸಂದಿಯಲ್ಲಿ ನಿಂತು ಅವಳು ನೋಡದೆ ಬಿಟ್ಟದ್ದು ಆ ಮನೆಯಲ್ಲಿ ಯಾವುದೂ ಇರಲಿಲ್ಲ. ಗಂಡ ಬಂದ ಮರುದಿನ ಬೆಳಿಗ್ಗೆ ಹಿತ್ತಿಲಲ್ಲಿ ಒಬ್ಬನೇ ನಿಂತು ಕುಂಬಳದ ಬಳ್ಳಿಗೆ ಕೈ ಆಡಿಸುತ್ತಿದ್ದುದನ್ನೂ ಅವಳು ನೋಡಿದಳು. ನೊಣ ಇರಬೇಕು ಎಂದುಕೊಂಡಳು.

ಆ ಮನೆಯಿಂದ ಹೊರಡುವುದೆಂದರೆ ಒಂದು ಕ್ರಮವಿತ್ತು. ಯಾರೂ 'ಹೋಗ್ತೀನಿ' ಎಂದು ಹೇಳಿ ಹೊಸಿಲು ದಾಟುವ ಹಾಗಿರಲಿಲ್ಲ. 'ಓಗ್ಬುಟ್ಟು ಬತ್ತೀನಿ' ಎನ್ನಬೇಕು. ಒಳಗಿನವರು 'ಓಗ್ಬುಟ್ಟು ಬಾಪ್ಪ' ಎನ್ನಬೇಕು. ಅಜ್ಜಿ ಮಹಾಲಕ್ಷ್ಮಮ್ಮ ಜಗುಲಿಯ ಮೇಲೆ ಕುಳಿತು ಇದನ್ನು ಟೋಲ್ ಗೇಟಿನವರ ಹಾಗೆ ವಸೂಲು ಮಾಡುತ್ತಿದ್ದರು. ಬಾವಿಗೆ ಹೋಗುವವಳೂ ಬತ್ತೀನಿ ಎಂದೇ ಹೋಗಬೇಕು. ಮರೆತವರನ್ನು ಬೀದಿಯ ತುದಿಯಿಂದ ವಾಪಸ್ಸು ಕರೆಸಿ ಹೇಳಿಸಿದ್ದುಂಟು. ಬತ್ತೀನಿ ಅನ್ನದೆ ಹೋದವರು ಬರುವುದಿಲ್ಲ ಎಂಬುದು ಅಜ್ಜಿಯ ಮಟ್ಟಿಗೆ ಸೂರ್ಯ ಹುಟ್ಟುವಷ್ಟೇ ನಿಶ್ಚಯ.

ನೀಲಕಂಠಸ್ವಾಮಿ ಹೊರಟು ನಿಂತಾಗ ಬಸ್ಸು ಆಗಲೇ ಹಾರನ್ ಹೊಡೆಯುತ್ತಿತ್ತು. ಅವನು ಹೊಸಿಲು ದಾಟಿ, ಅಂಗಳದಲ್ಲಿ ನಿಂತು, ತಿರುಗಿದ. ಬಲಗೈ ಎತ್ತಿದ. ಅಂಗೈ ಆಡಿಸಿದ.

"ಟಾ ಟಾ," ಎಂದ ಅತ್ತೆಗೆ. "ಟಾ ಟಾ," ಎಂದ ಹೆಂಡತಿಗೆ. "ಟಾ ಟಾ," ಎಂದ ಮಗುವಿಗೆ. ಜಗುಲಿಯ ಅಜ್ಜಿಗೆ ಹಿರಿಯರೆಂದು ಎರಡು ಸಲ ಹೇಳಿದ.

ಎಲ್ಲರೂ ಅವನ ಕೈಯನ್ನೇ ನೋಡುತ್ತ ನಿಂತರು. ಎಲ್ಲರೂ ಬೆರಗಾದರೆಂದು ತಿಳಿದು ಅವನು ಬಹಳ ಸಂತೋಷದಿಂದ ಓಡಿ ಬಸ್ಸು ಹಿಡಿದ.

ಧೂಳು ಇಳಿದ ಮೇಲೆ ಅಜ್ಜಿ ಕೇಳಿದರು: "ಬತ್ತೀನಿ ಅಂದ್ನೇನೆ?"

"ಅಂದಂಗೆ ಕಾಣ್ನಿಲ್ಲ ಕಣತ್ತೆ," ಎಂದರು ಶಾಂತಮಲ್ಲಮ್ಮನ ತಾಯಿ ಚಿಕ್ಕಮಲ್ಲಮ್ಮ.

"ಮತ್ತೇನಂದ?"

"ಟಾಟಾ ಅಂದ್ರು."

"ಅಂಗಂದ್ರೆ?"

ಚಿಕ್ಕಮಲ್ಲಮ್ಮ ಮಗಳ ಮುಖ ನೋಡಿದರು. ಶಾಂತಮಲ್ಲಮ್ಮ ಮಗುವಿನ ಮುಖ ನೋಡಿದಳು. ಮಗುವಿಗೂ ಗೊತ್ತಿರಲಿಲ್ಲ.

ಊರಿನಲ್ಲಿ ಇಂಗ್ಲಿಷಿಗೆ ಹತ್ತಿರದವನೆಂದರೆ ಚಿಕ್ಕಬಸವಯ್ಯ. ಊಟಿಯಲ್ಲಿ ಒಬ್ಬ ದೊರೆಯ ಬಂಗಲೆಯಲ್ಲಿ ಹೂವಿನ ಗಿಡ ನೋಡಿಕೊಂಡಿದ್ದವನು. ಅವನನ್ನು ಕರೆಸಿದರು. ಮನೆಯ ಯಜಮಾನ ಸಿದ್ದಮಲ್ಲಪ್ಪನವರು, ಅಂದರೆ ಶಾಂತಮಲ್ಲಮ್ಮನ ತಂದೆ, ಅರಿಶಿನ ಒಣಹಾಕುತ್ತಿದ್ದವರು ಹೊಲದಿಂದ ಬಂದು ಕುಳಿತರು. ಚಿಕ್ಕಬಸವಯ್ಯ ಎಲ್ಲ ಕೇಳಿ, ತಲೆಯ ವಸ್ತ್ರ ಬಿಚ್ಚಿ, ಮತ್ತೆ ಸುತ್ತಿಕೊಂಡ.

"ಈ ಮಾತ ನಾನು ಕಿವಿಯಾರ ಕೇಳಿವ್ನಿ ಯಜಮಾನ್ರೆ. ಯಾವಾಗ ಕೇಳ್ದೆ ಅಂದ್ರೆ, ಸ್ವಾತಂತ್ರ್ಯ ಬಂತಲ್ಲ, ಆ ವರ್ಷ. ದೊರೆ ದೊರೆಸಾನಿ ಇಬ್ರೂವೆ ಪೆಟ್ಗೆ ಎಲ್ಲ ಕಾರ್ಗೆ ಹೇರುದ್ರು. ಅವ್ರ ನಾಯಿನ ನನ್ ಕೈಗೆ ಕೊಟ್ರು. ಕೈನ ಹಿಂಗೆ ಆಡ್ಸುದ್ರು. ಟಾಟಾ ಚಿಕ್ಕಬಸವ ಅಂದ್ರು. ಓದ್ರು."

"ಆಮ್ಯಾಲೆ?" ಎಂದರು ಅಜ್ಜಿ.

"ಆಮ್ಯಾಲೆ ಏನು. ಹಡಗು ಹತ್ಬುಟ್ರಂತೆ. ಆ ನಾಯಿನೂ ಮುದಿಯಾಗಿ ಸತ್ತೋಯ್ತು. ಅವ್ರು ಇವತ್ಗೂ ಬಂದಿಲ್ಲ."

ಚಿಕ್ಕಮಲ್ಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಆದರೂ ಸಿದ್ದಮಲ್ಲಪ್ಪನವರು ದುಡುಕುವವರಲ್ಲ. ಸರ್ಕಾರಿ ಅಭಿಪ್ರಾಯ ಬರಲಿ ಎಂದರು. ಸರ್ಕಾರಿ ಅಭಿಪ್ರಾಯ ದೂರವೂ ಇರಲಿಲ್ಲ. ಹೋಬಳಿಯ ಕಂದಾಯ ನೋಡುವ ಶೇಕ್ದಾರರು ಹರವೆಗೆ ಬಂದಾಗಲೆಲ್ಲ ಊಟ ಇವರ ಮನೆಯಲ್ಲೇ. ಅವರು ವಾರಕ್ಕೊಮ್ಮೆ ಬರಬೇಕಾದವರು. ಕೆಲಸವಿದ್ದರೆ ಎರಡು ಸಲ; ಕೆಲಸವಿಲ್ಲದಿದ್ದರೆ ಮೂರು ಸಲ. ಉಂಡು, ತುಪ್ಪದ ಕೈಯನ್ನು ಮೀಸೆಗೆ ಒರೆಸಿಕೊಂಡು, 'ಹೋಗಿ ಬರ್ತೀನಿ ಅಜ್ಜಿ' ಎನ್ನುವುದನ್ನು ಅವರು ಒಂದು ದಿನವೂ ಮರೆತವರಲ್ಲ. ಆ ಮನೆಯಲ್ಲಿ ಆ ಮಾತನ್ನು ಅಜ್ಜಿ ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದುದು ಅವರೊಬ್ಬರ ಬಾಯಿಂದ ಮಾತ್ರ.

ಶೇಕ್ದಾರರು ಮುದ್ದೆ ಮುರಿಯುತ್ತ ಗಂಭೀರವಾಗಿ ಆಲೋಚಿಸಿದರು.

"ಟಾಟಾ ಅಂದರೆ ಹೋಗುವ ಮಾತು, ಅಷ್ಟೆ. ಬರೋ ಮಾತು ಅದರಲ್ಲಿ ಇಲ್ಲ. ನಮ್ಮ ಅಸಿಸ್ಟೆಂಟ್ ಕಮಿಷನರ್ ಸಾಹೇಬರಿಗೆ ವರ್ಗ ಆದಾಗ ಚಾಮರಾಜನಗರದ ಸ್ಟೇಷನ್ನಿನಲ್ಲಿ ನಾನೇ ಹಾರ ಹಾಕಿದ್ದು. ರೈಲು ಅಲ್ಲಾಡಿದ ಕೂಡಲೇ ಟಾಟಾ ಅಂದರು. ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅವರ ಜಾಗಕ್ಕೆ ಬೇರೆಯವರು ಬಂದೂ ಆಯಿತು. ಇನ್ನೊಂದು ಚೂರು ತುಪ್ಪ ಬಿಡಿಯಮ್ಮ."

ಅವರ ಜಾಗಕ್ಕೆ ಬೇರೆಯವರು ಎಂಬ ಮಾತು ಕೇಳಿ ಚಿಕ್ಕಮಲ್ಲಮ್ಮ ತುಪ್ಪದ ಸೌಟನ್ನು ಎಲೆಯ ಮೇಲೆ ಪೂರ್ತಿ ಬೋರಲು ಹಾಕಿಬಿಟ್ಟರು. ಶೇಕ್ದಾರರಿಗೆ ಅಂದು ತುಪ್ಪ ಧಾರಾಳವಾಗಿ ಸಿಕ್ಕಿತು.

ಮರುದಿನ ಹಾಲಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆ ಸುಂದ್ರಮ್ಮ, ಹೆಪ್ಪಿನ ಜೊತೆಗೆ ವಿಷಯವನ್ನೂ ತೆಗೆದುಕೊಂಡು ಹೋದಳು. ಸಂಜೆಗೆ ಕಾರಣ ಹುಡುಕುವವರಿಂದ ಜಗುಲಿ ತುಂಬಿತು.

"ಹೆಣ್ಮಗ ಆಯ್ತಲ್ಲ, ಅದ್ಕೆ ಮುನುಸ್ಕೊಂಡವ್ನೆ," ಎಂದಳು ಸುಂದ್ರಮ್ಮ.

"ಮುನುಸ್ಕೊಂಡೋನು ಎರಡು ದಿನವೂ ತೊಟ್ಲು ತೂಗ್ತಾ ಕುಂತಿದ್ನಾ?" ಎಂದರು ಅಜ್ಜಿ.

"ಹೋಳಿಗೆ ಬ್ಯಾಡ ಅಂದ್ರು ಕಣತ್ತೆ," ಎಂದರು ಚಿಕ್ಕಮಲ್ಲಮ್ಮ ಅಳುದನಿಯಲ್ಲಿ. "ಬ್ಯಾಡ ಅಂದದ್ದೂ ಅದೇ ಕೈಲಿ. ಹಿಂಗೇ ಆಡ್ಸುದ್ರು. ಆಗ್ಲೇ ನಾನು ತಿಳ್ಕೊಬೇಕಿತ್ತು."

"ಎಷ್ಟು ತಿಂದಿದ್ದ?"

"ಆರು."

"ಏಳ್ನೇದು ಬ್ಯಾಡ ಅಂದಾನು ಬುಡು."

ಶಾಂತಮಲ್ಲಮ್ಮ ಬಾಗಿಲ ಸಂದಿಯಿಂದ ಮೆಲ್ಲಗೆ ಹೇಳಿದಳು: "ಅವ್ರು ಅಂಗಲ್ಲ ಕಣವ್ವ. ಏನೋ ಹೊಸದು ಕಲ್ತವ್ರೆ, ಅಷ್ಟೆ. ಕುಂಬ್ಳ ಬಳ್ಳಿಗೂ ಅಂಗೇ ಕೈ ಆಡ್ಸುದ್ರು."

"ನೀ ಸುಮ್ಕಿರಮ್ಮಿ," ಎಂದರು ಅವಳ ತಾಯಿ. "ನಿಂಗೇನು ಗೊತ್ತಾದದು."

ಅವಳು ಬಾಗಿಲ ಹಿಂದಕ್ಕೆ ಸರಿದಳು. ಗುಂಡ್ಲುಪೇಟೆಗೆ ಹೊರಡಲೆಂದು ಮಗುವಿನ ಟೋಪಿ, ಕುಲಾವಿ, ತನ್ನ ಸೀರೆ ಎಲ್ಲ ತುಂಬಿಸಿ ಸಿದ್ಧ ಮಾಡಿಟ್ಟಿದ್ದ ಅವಳ ಹಸಿರು ಟ್ರಂಕನ್ನು ಅಂದು ರಾತ್ರಿಯಾಗುವ ಮೊದಲೇ ಅಟ್ಟಕ್ಕೆ ಹಾಕಿದರು. ಅಳಿಯನ ಮನಸ್ಸು ಏನೆಂದು ತಿಳಿಯುವವರೆಗೆ ಮಗಳನ್ನು ಕಳಿಸುವುದಿಲ್ಲ ಎಂದರು ಸಿದ್ದಮಲ್ಲಪ್ಪನವರು. ಟ್ರಂಕು ಏಣಿ ಹತ್ತುವುದನ್ನು ಶಾಂತಮಲ್ಲಮ್ಮ ನೋಡಿದಳು. ಕುಂಬಳದ ಬಳ್ಳಿಯ ಮೇಲೆ ಅವಳಿಗಿದ್ದ ನಂಬಿಕೆಯೂ ಅಂದು ಸ್ವಲ್ಪ ಅಲ್ಲಾಡಿತು.

ಆ ವಾರವೇ ಸಿದ್ದಮಲ್ಲಪ್ಪನವರು ಚಿಕ್ಕಬಸವಯ್ಯನನ್ನು ಕರೆದುಕೊಂಡು ಗುಂಡ್ಲುಪೇಟೆಗೆ ಹೋದರು. ನೇರ ಹೋಗಿ ಕೇಳುವುದು ಮರ್ಯಾದೆಯಲ್ಲವೆಂದು ರಸ್ತೆಯ ಆಚೆ ಬದಿಯ ಹುಣಸೆ ಮರದ ಮರೆಯಲ್ಲಿ ನಿಂತು ನೋಡಿದರು. ಸಂಜೆ ಹಿಂತಿರುಗಿದವರು ಕಾಲಿಗೆ ನೀರು ಸಹ ಹಾಕಿಕೊಳ್ಳದೆ ಜಗುಲಿಯ ಮೇಲೆ ಕುಳಿತುಬಿಟ್ಟರು.

"ಯಾವಳಾದ್ರೂ ಕಂಡ್ಳಾ?" ಎಂದರು ಅಜ್ಜಿ, ಸುತ್ತು ಬಳಸದೆ.

"ಅಂಗಲ್ಲ ಕಣವ್ವ. ಅದಾದ್ರೆ ಎರಡು ಏಟು ಬುಡಬೌದಾಗಿತ್ತು." ಸಿದ್ದಮಲ್ಲಪ್ಪನವರು ದೊಡ್ಡ ಉಸಿರು ಬಿಟ್ಟರು. "ತಲೆ ಬೋಳ್ಸವ್ನೆ."



"ಕಾವಿ ಪಂಚೆ ಉಟ್ಟವ್ನೆ," ಎಂದ ಚಿಕ್ಕಬಸವಯ್ಯ. "ಊಟಿ ಬಸ್ಸು ಬಂತು, ಟಾಟಾ ಅಂದ. ಮೈಸೂರು ಬಸ್ಸು ಬಂತು, ಟಾಟಾ ಅಂದ. ಗಾಡೀಲಿ ಹುಲ್ಲು ತಕೊಂಡು ಹೋಯ್ತಿದ್ದೋನ್ಗೂ ಟಾಟಾ ಅಂದ. ಎತ್ಗಳಿಗೂವೆ."

"ಇವ್ಳೊಬ್ಳಿಗಲ್ಲ ಕಣವ್ವ ಅವನು ಅಂದದ್ದು," ಎಂದರು ಸಿದ್ದಮಲ್ಲಪ್ಪನವರು. "ಸಕಲ ಲೋಕಕ್ಕೂ ಅಂದ್ಬುಟ್ಟವ್ನೆ. ಸನ್ಯಾಸ ತಕತಾನೆ."

"ನೀನು ಮಾತಾಡಿಸ್ನಿಲ್ವಾ?"

"ಏನಂತ ಮಾತಾಡ್ಸನ? ಕಾಲಿಗೆ ಬೀಳಬೇಕೋ ಕೊರಳ್ಪಟ್ಟಿ ಹಿಡೀಬೇಕೋ ಗೊತ್ತಾಗ್ನಿಲ್ಲ."

ಎರಡನೇ ಸಂಬಂಧವೆಂದರೆ ಊರು ಒಗ್ಗಟ್ಟಾಗಿ ಬಯ್ಯುತ್ತಿತ್ತು. ಸನ್ಯಾಸವೆಂದ ಕೂಡಲೇ ಊರು ಎರಡಾಯಿತು. ಕೈಗೂಸಿನ ತಾಯಿಯನ್ನು ಬಿಟ್ಟು ಇದೆಂಥ ವೈರಾಗ್ಯ ಎಂದವರು ಅರ್ಧ. ಹರವೆಯ ಅಳಿಯ ಸ್ವಾಮಿಗಳಾಗುವುದು ಸಣ್ಣ ಮಾತೇ ಎಂದವರು ಅರ್ಧ. ಸುಂದ್ರಮ್ಮ ಎರಡೂ ಕಡೆ ಇದ್ದಳು. ಬೆಳಿಗ್ಗೆ ಬಂದು ಶಾಂತಮಲ್ಲಮ್ಮನ ಗಲ್ಲ ಹಿಡಿದು ಅತ್ತು ಹೋದವಳು, ಮಧ್ಯಾಹ್ನ ಬಂದು ಮೆಲ್ಲಗೆ ಕೇಳಿದಳು: "ಸ್ವಾಮ್ಗೋಳು ಈ ಕಡೆ ಬಂದ್ರೆ ನನ್ ಮಂಡಿ ನೋವ್ಗೆ ಒಸಿ ವಿಭೂತಿ ಕೊಡ್ಸಮ್ಮಿ."

ಆಗ ಶಾಂತಮಲ್ಲಮ್ಮ ಹಿತ್ತಿಲಿಗೆ ಹೋಗಿ ಕುಂಬಳದ ಬಳ್ಳಿಯ ಬಳಿ ಬಹಳ ಹೊತ್ತು ನಿಂತಿದ್ದಳು.

ಇಷ್ಟೆಲ್ಲ ಆದದ್ದು ತಿಳಿಯದ ನೀಲಕಂಠಸ್ವಾಮಿ, ಐದು ತಿಂಗಳು ತುಂಬಿದ ಮೇಲಿನ ಸೋಮವಾರ, ಕಂಕುಳಲ್ಲಿ ಮಗುವಿಗೆಂದು ಒಂದು ಗುಲಾಬಿ ಫ್ರಾಕು, ತಲೆಯ ಮೇಲೆ ಮಾವನ ಮನೆಗೆಂದು ನಿಂಬೆ ಸೋಡಾದ ಪೆಟ್ಟಿಗೆ ಇಟ್ಟುಕೊಂಡು ಹರವೆಯಲ್ಲಿ ಇಳಿದ. ಬೀದಿಯ ಉದ್ದಕ್ಕೂ ಜನ ಎದ್ದು ನಿಂತರು. ಮದುವೆಯಲ್ಲೂ ತನಗೆ ಇಷ್ಟು ಮರ್ಯಾದೆ ಆಗಿರಲಿಲ್ಲವಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು. ಸುಂದ್ರಮ್ಮ ಓಡಿ ಬಂದು ಅವನ ಕಾಲಿಗೆ ಬಿದ್ದು ಮಂಡಿ ತೋರಿಸಿದಳು.

"ವಾಯು ಇರಬೇಕು ಕಣಮ್ಮ," ಎಂದ ನೀಲಕಂಠಸ್ವಾಮಿ ಕರುಣೆಯಿಂದ. "ಒಂದು ಸೋಡಾ ಕುಡೀರಿ."

ಸುಂದ್ರಮ್ಮ ಅದನ್ನು ತೀರ್ಥವೆಂದು ಕಣ್ಣಿಗೆ ಒತ್ತಿಕೊಂಡು ಕುಡಿದಳು. ಜೋರಾಗಿ ತೇಗಿದಳು. ಮಂಡಿ ಹಗುರಾಯಿತೆಂದು ಅಲ್ಲೇ ಸಾರಿದಳು.

ಜಗುಲಿಯ ಮೇಲೆ ಅವನಿಗೆ ಚಾಪೆ ಹಾಕಬೇಕೋ ಮಣೆ ಹಾಕಬೇಕೋ ತಿಳಿಯದೆ ಎರಡನ್ನೂ ಹಾಕಿದ್ದರು. ಅವನು ಮಧ್ಯದಲ್ಲಿ ಕುಳಿತ. ಅಂದು ಶೇಕ್ದಾರರೂ ಇದ್ದರು, ಊಟದ ಹೊತ್ತಾದ್ದರಿಂದ. ಶಾಂತಮಲ್ಲಮ್ಮ ಮಗುವನ್ನು ಎತ್ತಿಕೊಂಡು ಬಾಗಿಲ ಸಂದಿಯಲ್ಲಿ ನಿಂತಳು. ಗಂಡನ ತಲೆ ಹೊಸದಾಗಿ ಬಿತ್ತಿದ ರಾಗಿ ಹೊಲದ ಹಾಗೆ ಕಾಣುತ್ತಿತ್ತು.

"ಅಳಿಯಂದ್ರೆ," ಎಂದರು ಸಿದ್ದಮಲ್ಲಪ್ಪನವರು, "ತಲೆ ಯಾಕೆ ಬೋಳ್ಸುದ್ರಿ?"

ನೀಲಕಂಠಸ್ವಾಮಿ ನಾಚಿಕೊಂಡ. "ಮಾದಪ್ಪನ ಬೆಟ್ಟಕ್ಕೆ ಮುಡಿ ಕೊಟ್ಟೆ ಮಾವ. ಹೆರಿಗೆ ಸುಸೂತ್ರ ಆಗ್ಲಿ ಅಂತ ಹರಕೆ ಹೊತ್ಕೊಂಡಿದ್ದೆ."

"ಕಾವಿ?"

"ಇದು ಕಾವಿ ಅಲ್ಲ ಮಾವ, ಕಿತ್ತಳೆ ಸೋಡಾಕ್ಕೆ ಹಾಕೋ ಬಣ್ಣ. ಶೀಸೆ ಒಡೆದು ಪಂಚೆ ಮೇಲೆ ಚೆಲ್ಲೋಯ್ತು. ಒಗೆದ್ರೂ ಹೋಗ್ಲಿಲ್ಲ, ಅದ್ಕೆ ಪಂಚೆ ಪೂರ್ತಿ ಅದ್ಬುಟ್ಟೆ."

ಜಗುಲಿಯಲ್ಲಿ ಗುಸುಗುಸು ಎದ್ದಿತು. ಸುಂದ್ರಮ್ಮನ ಮಂಡಿ ಮತ್ತೆ ನೋಯಲು ಶುರುವಾಯಿತು. ಆದರೆ ಚಿಕ್ಕಬಸವಯ್ಯ ಬಿಡುವವನಲ್ಲ.

"ಅದೆಲ್ಲ ಇರ್ಲಿ ಬುದ್ದಿ. ಟಾಟಾ ಅಂದದ್ದು ಯಾಕೆ?"

ತನ್ನ ಮಾತು ಇಷ್ಟು ದಿನ ಇವರ ನೆನಪಿನಲ್ಲಿ ಉಳಿದಿದೆ ಎಂದು ನೀಲಕಂಠಸ್ವಾಮಿಯ ಎದೆ ಉಬ್ಬಿತು. "ಅದು ಪ್ರೀತಿ ಇರೋ ಕಡೆ ಅನ್ನೋ ಮಾತು. ಹೊರಡುವಾಗ ಅನ್ನೋದು."

"ಹೊರಡದು ಸರಿ," ಎಂದರು ಅಜ್ಜಿ. "ಬರದು ಅದ್ರಲ್ಲಿ ಎಲ್ಲದೆ?"

ನೀಲಕಂಠಸ್ವಾಮಿಗೆ ಮೇಷ್ಟರು ಇದನ್ನು ಹೇಳಿರಲಿಲ್ಲ. ಅವನು ಒಂದು ಸಲ ಬಲಗೈಯನ್ನು ಎತ್ತಿ ನೋಡಿಕೊಂಡ. ಅಲ್ಲೂ ಇರಲಿಲ್ಲ.

"ನಮ್ ದೊರೆ ಬರ್ನಿಲ್ಲ," ಎಂದ ಚಿಕ್ಕಬಸವಯ್ಯ.

"ಎ.ಸಿ. ಸಾಹೇಬರೂ ಬರಲಿಲ್ಲ," ಎಂದರು ಶೇಕ್ದಾರರು ಒಳಗಿನ ಒಗ್ಗರಣೆಯ ಕಡೆಗೆ ಮೂಗು ತಿರುಗಿಸಿ.

"ನಿಂಗೆ ಈ ಮಾತ ಹೇಳ್ಕೊಟ್ಟೋರು ಯಾರಪ್ಪ?" ಎಂದರು ಅಜ್ಜಿ. "ಅವ್ರಾದ್ರೂ ಬಂದ್ರಾ?"

ನೀಲಕಂಠಸ್ವಾಮಿಯ ಮುಖ ಅರಳಿತು. "ಬಂತು ಅಜ್ಜಿ. ಆ ದೊರೆಸಾನಿ ಮಗು ಊಟಿಯಿಂದ ವಾಪಸ್ಸು ಹೋಗ್ತಾ ನಮ್ಮಂಗಡೀಲೇ ನಿಂತು ಸೋಡಾ ಕುಡೀತು."

ಎಲ್ಲರೂ ಉಸಿರು ಬಿಟ್ಟರು. ಚಿಕ್ಕಮಲ್ಲಮ್ಮ ಅಟ್ಟದ ಕಡೆ ಕಣ್ಣು ಹಾಯಿಸಿದರು. ಅವನು ಅಲ್ಲಿಗೆ ನಿಲ್ಲಿಸಿದ್ದರೆ ಟ್ರಂಕು ಆಗಲೇ ಇಳಿಯುತ್ತಿತ್ತು.

"ಹೋಗುವಾಗ ಮತ್ತೆ ಟಾಟಾ ಅಂತು," ಎಂದ ನೀಲಕಂಠಸ್ವಾಮಿ.

"ಆಮ್ಯಾಲೆ ಬಂತಾ?"

"ಇಲ್ಲ. ಹಡಗು ಹತ್ತಿ ಸೀಮೆಗೆ ಹೋಯ್ತಂತೆ."

ಚಿಕ್ಕಮಲ್ಲಮ್ಮ ಅಟ್ಟದಿಂದ ಕಣ್ಣು ಇಳಿಸಿದರು.

ಜಗುಲಿಯ ಮೇಲೆ ತಲೆಗೊಂದು ಸಲಹೆ ಹುಟ್ಟಿತು. ಮುಚ್ಚಳಿಕೆ ಬರೆಸಿಕೊಳ್ಳಿ ಎಂದರು ಶೇಕ್ದಾರರು. ಮಠಕ್ಕೆ ಕರೆದೊಯ್ದು ಆಣೆ ಮಾಡಿಸಿ ಎಂದರು ಇನ್ನೊಬ್ಬರು. ಎಲ್ಲವನ್ನೂ ಕೇಳಿ ಮುಗಿಸಿ ಅಜ್ಜಿ ಕೋಲು ಕುಟ್ಟಿದರು.

"ಅದ್ಯಾವ್ದೂ ಬ್ಯಾಡ. ಅವತ್ತು ಹೊರಟದ್ದು ಸರ್ಯಾಗ್ನಿಲ್ಲ. ಈಗ ಸರ್ಯಾಗಿ ಹೊರಡ್ಲಿ. ಹೊಸ್ಲು ದಾಟಿ, ಓಗ್ಬುಟ್ಟು ಬತ್ತೀನಿ ಅಂದು, ಆ ಅರಳಿ ಕಟ್ಟೆ ಗಂಟ ಹೋಗಿ ಬರ್ಲಿ. ಬಂದ್ರೆ ಅಳಿಯ. ಇಲ್ದಿದ್ರೆ ನನ್ ಮೊಮ್ಮಗಳು ಇಲ್ಲೇ ಇದ್ದಾಳು."

ಊರಿಗೆ ಊರೇ ಬೀದಿಯ ಎರಡೂ ಬದಿಗೆ ಸರಿದು ದಾರಿ ಬಿಟ್ಟಿತು. ನೀಲಕಂಠಸ್ವಾಮಿ ಹೊಸಿಲ ಒಳಗೆ ನಿಂತು, ಬಲಗಾಲು ಮುಂದಿಟ್ಟು ದಾಟಿ, ಪಾಠ ಒಪ್ಪಿಸುವವನ ಹಾಗೆ, "ಅತ್ತೆ, ಮಾವ, ಅಜ್ಜಿ, ಓಗ್ಬುಟ್ಟು ಬತ್ತೀನಿ," ಎಂದ.

"ಓಗ್ಬುಟ್ಟು ಬಾಪ್ಪ," ಎಂದಿತು ಇಡೀ ಬೀದಿ.

ಅವನು ಕಿತ್ತಳೆ ಪಂಚೆ ಎತ್ತಿಕಟ್ಟಿ ನಡೆದ. ಅರಳಿ ಕಟ್ಟೆಯನ್ನು ಮುಟ್ಟಿದ. ತಿರುಗಿದ. ಬಾಗಿಲಲ್ಲಿ, ಜಗುಲಿಯಲ್ಲಿ, ಬೀದಿಯಲ್ಲಿ, ನಿಂತವರೆಲ್ಲರ ಕಣ್ಣೂ ತನ್ನ ಮೇಲೇ. ಊಟಿ ರಸ್ತೆಯಲ್ಲಿ ಇಷ್ಟು ದಿನ ಕಲಿತ ಕೈಗೆ ಇಷ್ಟು ಜನರನ್ನು ಕಂಡು ಸುಮ್ಮನಿರುವುದು ತಿಳಿಯದು. ಅದು ತಾನಾಗಿ ಮೇಲೆ ಏಳತೊಡಗಿತು. ಸೊಂಟ ದಾಟಿತು. ಎದೆ ದಾಟಿತು. ಭುಜದವರೆಗೆ ಬಂದು ಅಂಗೈ ಬಿಚ್ಚಿತು. ಚಿಕ್ಕಬಸವಯ್ಯ ಕಣ್ಣು ಮುಚ್ಚಿಕೊಂಡ.

"ಕೈ ಇಳ್ಸಿ."

ಆ ದನಿಯನ್ನು ಹರವೆಯ ಬೀದಿ ಅದುವರೆಗೆ ಕೇಳಿರಲಿಲ್ಲ. ಶಾಂತಮಲ್ಲಮ್ಮ ಬಾಗಿಲ ಸಂದಿ ಬಿಟ್ಟು, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಅಂಗಳದ ಮಧ್ಯದಲ್ಲಿ ನಿಂತಿದ್ದಳು.

ನೀಲಕಂಠಸ್ವಾಮಿಯ ಕೈ ಸರಕ್ಕನೆ ಇಳಿಯಿತು. ಎಲ್ಲಿಡಬೇಕೆಂದು ತಿಳಿಯದೆ ಬೋಳು ತಲೆಯ ಮೇಲೆ ಒಂದು ಸಲ ಕೂತು, ಬೆನ್ನ ಹಿಂದೆ ಹೋಗಿ ಅಡಗಿಕೊಂಡಿತು. ಅವನು ತಲೆ ತಗ್ಗಿಸಿಕೊಂಡು, ಕೈ ಹಿಂದೆ ಕಟ್ಟಿಕೊಂಡು, ದಾರಿಯಲ್ಲಿ ಯಾರನ್ನೂ ನೋಡದೆ ವಾಪಸ್ಸು ನಡೆದು ಬಂದು ಹೆಂಡತಿಯ ಮುಂದೆ ನಿಂತ.

ಅಜ್ಜಿ ಜಗುಲಿಯಿಂದ ಕೆಳಗೆ ಇಳಿದರು.

"ನೋಡುದ್ರೇನ್ರವ್ವ," ಎಂದರು ಬೀದಿಗೆಲ್ಲ ಕೇಳುವ ಹಾಗೆ. "ಹೆಂಡ್ತಿ ಕೂಗುತ್ಲೂವೆ ಕೈ ಇಳ್ಸುಬುಟ್ಟ. ಇವ್ನು ಯಾವ ಸೀಮೆ ಸನ್ಯಾಸಿ ಆದಾನು. ಲೋ ಸಿದ್ದ, ಟ್ರಂಕು ಇಳ್ಸಲಾ."

ಟ್ರಂಕು ಇಳಿಯಿತು. ಊಟವಾಯಿತು. ನೀಲಕಂಠಸ್ವಾಮಿ ಹೋಳಿಗೆ ಬೇಡವೆನ್ನಲು ಕೈ ಆಡಿಸಲು ಹೆದರಿ ಬಡಿಸಿದಷ್ಟನ್ನೂ ತಿಂದ. ಸಂಜೆಯ ಬಸ್ಸಿಗೆ ಹೊರಡುವಾಗ ಅತ್ತೆಗೆ, ಮಾವನಿಗೆ, ಸುಂದ್ರಮ್ಮನಿಗೆ, ಕೊಟ್ಟಿಗೆಯ ಕರುವಿಗೆ, ಒಬ್ಬೊಬ್ಬರಿಗೂ ಬೇರೆ ಬೇರೆ ಬತ್ತೀನಿ ಎಂದ. ಬಲಗೈಯಲ್ಲಿ ಟ್ರಂಕು ಹಿಡಿಸಿದ್ದು ಶಾಂತಮಲ್ಲಮ್ಮನ ಏರ್ಪಾಡು.

ಅವಳು ಅಜ್ಜಿಯ ಕಾಲಿಗೆ ಬಿದ್ದು ಏಳುವಾಗ ಅಜ್ಜಿ ಅವಳ ಸೆರಗು ಹಿಡಿದು ಹತ್ತಿರಕ್ಕೆ ಎಳೆದುಕೊಂಡರು.

"ಲೇ ಅಮ್ಮಿ, ಆ ಕೈನ ಅದೆಂಗೆ ಆಡ್ಸದು? ಒಸಿ ತೋರ್ಸು."

ಶಾಂತಮಲ್ಲಮ್ಮ ಸೆರಗಿನ ಮರೆಯಲ್ಲಿ ತೋರಿಸಿದಳು. ಅಜ್ಜಿ ಒಂದು ಸಲ ನೋಡಿಕೊಂಡರು. ಸಾಕೆಂದರು.

ಅಷ್ಟರಲ್ಲಿ ಮಧ್ಯಾಹ್ನ ಉಂಡು, ಮಲಗಿ, ಎದ್ದು, ಮತ್ತೆ ಉಪ್ಪಿಟ್ಟು ತಿಂದ ಶೇಕ್ದಾರರು ಕೊಡೆ ಹುಡುಕಿಕೊಂಡು ಹೊರಗೆ ಬಂದರು. ಮೀಸೆ ಒರೆಸಿಕೊಂಡರು.

"ಹೋಗಿ ಬರ್ತೀನಿ ಅಜ್ಜಿ."

ಅಜ್ಜಿ ಕೋಲನ್ನು ಎಡಗೈಗೆ ಬದಲಾಯಿಸಿಕೊಂಡರು. ಬಲಗೈ ಎತ್ತಿದರು. ಅಂಗೈಯನ್ನು ಬಹಳ ಪ್ರೀತಿಯಿಂದ ಆಡಿಸಿದರು.

"ಟಾಟಾ, ಶೇಕ್ದಾರ್ರೆ."

ಶೇಕ್ದಾರರ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಗಾಳಿಯಲ್ಲಿ ನಿಂತಿತು. ಅರ್ಥವೇನೆಂದು ಅವರು ಕೇಳುವ ಹಾಗಿರಲಿಲ್ಲ. ಅದನ್ನು ಊರಿಗೆ ಬಿಡಿಸಿ ಹೇಳಿದವರೇ ಅವರು. ಮುಂದಿನ ವಾರದಿಂದ ಅವರ ಊಟ ಪಟೇಲರ ಮನೆಗೆ ಬದಲಾಯಿತೆಂದು ಗುಂಡ್ಲುಪೇಟೆಯ ಸೋಡಾ ಅಂಗಡಿಗೆ ಸುದ್ದಿ ಬಂತು; ಅಜ್ಜಿ ಬಸ್ಸಿನವನ ಕೈಯಲ್ಲಿ ಕಳಿಸಿದ ಒಂದು ಚೊಂಬು ತುಪ್ಪದ ಜೊತೆಯಲ್ಲಿ.